ಬಿಸಿಲಲ್ಲಿ ಯಾವುದು ನಿಲ್ಲುತ್ತದೆ: ಫಾಯಿಲ್ ಗೇಜ್, ಎಫ್‌ಬಿಜಿ, ಬ್ರಿಲೂಯಿನ್

ಕಾಂಕ್ರೀಟಿನ ಸ್ಟ್ರೇನ್, ಅಂದರೆ ಅದು ತನ್ನ ಉದ್ದಕ್ಕೆ ಹೋಲಿಸಿದರೆ ಎಷ್ಟು ಹಿಗ್ಗಿತು-ಕುಗ್ಗಿತು ಅಂತ ಅಳೆಯಲು ಯಾವ ಸೆನ್ಸರ್ ತಗೋಬೇಕು ಅಂತ ಯಾರಾದರೂ ಕೇಳಿದರೆ, ಬಿಸಿಲಲ್ಲೋ ನೆರಳಲ್ಲೋ ಅಂತ ನಾನು ಮೊದಲು ಕೇಳುತ್ತೇನೆ. ಕಲಬುರಗಿಯ ಮೇ ತಿಂಗಳಲ್ಲಿ 42 ಡಿಗ್ರಿ ಮಾಮೂಲು. ಇಲ್ಲಿ ಭಾರಕ್ಕಿಂತ ಬಿಸಿಲೇ ಜಾಸ್ತಿ ರೀಡಿಂಗ್ ಕೊಡುತ್ತದೆ. ಮಾಳಿಗೆ ಮೇಲಿಟ್ಟ ಒಂದೇ ಬೀಮಿಗೆ ಮೂರನ್ನೂ ಹಚ್ಚಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಫಾಯಿಲ್ ಗೇಜ್ ಅಂದರೆ ಮೇಲೆ ಅಂಟಿಸುವ ತೆಳು ಲೋಹದ ಹಾಳೆ, ಹಿಗ್ಗಿದರೆ ಅದರ ರೆಸಿಸ್ಟನ್ಸ್ ಬದಲಾಗುತ್ತದೆ. ಅಗ್ಗ, ಕೈಗೆ ಸಿಗುತ್ತದೆ. ಆದರೆ ಲೆಕ್ಕ ನೋಡಿ. 350 ಓಂ ಗೇಜು, ಗೇಜ್ ಫ್ಯಾಕ್ಟರ್ (ಸ್ಟ್ರೇನಿನ ಎಷ್ಟು ಪಟ್ಟು ರೆಸಿಸ್ಟನ್ಸ್ ಬದಲಾಗುತ್ತದೆ ಅನ್ನುವುದು) 2 ಇದ್ದರೆ 100 ಮೈಕ್ರೋಸ್ಟ್ರೇನಿಗೆ (ಹತ್ತು ಲಕ್ಷದಲ್ಲಿ 100 ಪಾಲು ಹಿಗ್ಗಿದರೆ) ಬದಲಾಗುವುದು ಬರೀ 0.07 ಓಂ. ಮೀಟರಿನವರೆಗೆ ಎಳೆದ ತಾಮ್ರದ ತಂತಿ 1 ಓಂ ಅಂದುಕೊಳ್ಳಿ. ತಾಮ್ರದ ರೆಸಿಸ್ಟನ್ಸ್ ಡಿಗ್ರಿಗೆ ಶೇ 0.39 ಏರುತ್ತದೆ. ತಂತಿ 20 ಡಿಗ್ರಿ ಕಾದರೆ ಹತ್ತಿರ ಹತ್ತಿರ 0.08 ಓಂ ಆಯಿತು, ಅಂದರೆ ಬೀಮ್ ಸುಮ್ನೆ ಕೂತಿದ್ದರೂ ಮೀಟರ್ 100 ದಾಟಿಸಿ ತೋರಿಸುತ್ತದೆ! ಗೇಜಿಗೆ ಎರಡರ ಬದಲು ಮೂರು ತಂತಿಯ ಜೋಡಣೆ ಮಾಡಿ ತಂತಿಗಳ ಬಿಸಿ ಒಂದಕ್ಕೊಂದು ಕಳೆದುಹೋಗುವಂತೆ ಮಾಡಿದರೆ ಇದು ಬಹುಪಾಲು ಹೋಗುತ್ತದೆ. ಪಕ್ಕದ ಬೋರ್ ಮೋಟರ್ ಆನ್ ಆದಾಗ ರೀಡಿಂಗಿನ ಗೆರೆ ನಡುಗುವುದು ಮಾತ್ರ ಹೋಗಲಿಲ್ಲ.

ಎಫ್‌ಬಿಜಿ ಅಂದರೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್. ಗಾಜಿನ ಎಳೆಯೊಳಗೆ ಕೆಲವೇ ಮಿಲಿಮೀಟರ್ ಉದ್ದಕ್ಕೆ ಅಲ್ಟ್ರಾವಯೊಲೆಟ್ ಬೆಳಕಿನಿಂದ ಸಾಲುಸಾಲು ಗೆರೆ ಮೂಡಿಸಿರುತ್ತಾರೆ. ಅವು ಒಂದೇ ಒಂದು ತರಂಗಾಂತರವನ್ನು ವಾಪಸ್ ಕಳಿಸುತ್ತವೆ, ಎಳೆ ಹಿಗ್ಗಿದರೆ ಅದು ಸರಿಯುತ್ತದೆ. "ಸರ, ಇದರಾಗ ಕರೆಂಟೇ ಇಲ್ಲಂದ್ರ ಹ್ಯಾಂಗ್ ಹೇಳ್ತದ್ರಿ?" ಅಂತ ಮೇಸ್ತ್ರಿ ಕೇಳಿದರು. ಕರೆಂಟ್ ಇಲ್ಲದಿರುವುದೇ ಅದರ ಬಲ, ಮೋಟರಿನ ಕಾಟ ಇಲ್ಲ.

ಬಿಸಿಲಿನ ಕಾಟ ಇದಕ್ಕೂ ಇದೆ. 1550 ನ್ಯಾನೋಮೀಟರ್ ಹತ್ತಿರ ತರಂಗಾಂತರ ಒಂದು ಮೈಕ್ರೋಸ್ಟ್ರೇನಿಗೆ ಸುಮಾರು 1.2 ಪಿಕೋಮೀಟರ್ (ನ್ಯಾನೋಮೀಟರಿನ ಸಾವಿರದಲ್ಲಿ ಒಂದು ಪಾಲು), ಒಂದು ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಅಂಟಿಸಿದರೆ ಕಾಂಕ್ರೀಟ್ ತಾನೂ ಡಿಗ್ರಿಗೆ 10 ಮೈಕ್ರೋಸ್ಟ್ರೇನಿನಷ್ಟು ಹಿಗ್ಗಿ ಎಳೆಯನ್ನು ಎಳೆಯುತ್ತದೆ, ಹಾಗಾಗಿ ಸರಿಯುವುದು ಎರಡು ಪಟ್ಟು. ಅದಕ್ಕೇ ಪಕ್ಕದಲ್ಲಿ ಸಣ್ಣ ಸ್ಟೀಲ್ ಕೊಳವೆಯೊಳಗೆ ಅಂಟಿಸದ ಇನ್ನೊಂದು ಗ್ರೇಟಿಂಗ್ ಬೇಕೇ ಬೇಕು, ಅದು ಬಿಸಿಯನ್ನು ಮಾತ್ರ ಹೇಳುತ್ತದೆ, ಆ ಪಾಲನ್ನು ಕಳೆಯಬಹುದು. ಸ್ಕ್ರೀನಿನಲ್ಲಿ ಎರಡು ಮೊನೆ ಕಾಣುತ್ತವೆ, ಒಂದೊಂದು ಗ್ರೇಟಿಂಗ್ ವಾಪಸ್ ಕಳಿಸಿದ ತರಂಗಾಂತರಕ್ಕೆ ಒಂದೊಂದು. ಸಂಜೆ ತಂಪಾದಂತೆ ಎರಡೂ ಎಡಕ್ಕೆ ಜರುಗುತ್ತವೆ. ಬೀಮಿನ ಮೇಲೆ ಸಿಮೆಂಟ್ ಚೀಲ ಇಟ್ಟರೆ ಅಡಿಯಲ್ಲಿ ಅಂಟಿಸಿದ್ದು ಮಾತ್ರ ಟಕ್ಕಂತ ಬಲಕ್ಕೆ ಹೋಗುತ್ತದೆ. ಅದನ್ನು ನೋಡಿದ ಮೇಲೆ ನನಗೆ ಬೇರೆ ವಾದ ಬೇಕಾಗಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಎಳೆಗೆ ಬೆಳಕು ಬಿಟ್ಟು ವಾಪಸ್ ಬಂದದ್ದನ್ನು ಓದುವ ಇಂಟರಾಗೇಟರ್ ಪೆಟ್ಟಿಗೆ ಲಕ್ಷಗಳ ಮಾತು. ಎಳೆ ತುಂಡಾದರೆ ಊರಿನ ಬ್ರಾಡ್‌ಬ್ಯಾಂಡ್ ಹುಡುಗರು ಸ್ಪ್ಲೈಸ್ ಮಾಡಿಕೊಡುತ್ತಾರೆ, ಅಂದರೆ ಬೆಸೆದು ಕೊಡುತ್ತಾರೆ, ಅದು ದೊಡ್ಡ ವಿಷಯವಲ್ಲ. ನಮ್ಮ ಕಡೆಯ ಧೂಳೇ ದೊಡ್ಡದು. ಎಳೆಯನ್ನು ಪೆಟ್ಟಿಗೆಗೆ ಸಿಕ್ಕಿಸುವ ಹಸಿರು ಕನೆಕ್ಟರಿನ ತುದಿಯನ್ನು ಪ್ರತಿ ಸಲ ಸ್ಪಿರಿಟ್ ಹಚ್ಚಿ ಒರೆಸಬೇಕು, ಇಲ್ಲಾಂದ್ರೆ ಸಿಗ್ನಲ್ ಬಿದ್ದೇಹೋಗುತ್ತದೆ.

ಬ್ರಿಲೂಯಿನ್ ಪೆಟ್ಟಿಗೆ ಡೆಮೋಗೆ ಸಿಕ್ಕಿತ್ತು. ಇದರಲ್ಲಿ ಗ್ರೇಟಿಂಗ್ ಬೇಡ, ಮಾಮೂಲಿ ಟೆಲಿಕಾಂ ಫೈಬರಿನ ಇಡೀ ಉದ್ದವೇ ಸೆನ್ಸರ್. ಎಳೆಯೊಳಗೆ ಚದುರಿ ವಾಪಸ್ ಬರುವ ಬೆಳಕಿನ ಆವರ್ತನ ಎಷ್ಟು ಸರಿಯಿತು ಅಂತ ಪೆಟ್ಟಿಗೆ ನೋಡುತ್ತದೆ. ಒಂದು ಡಿಗ್ರಿಗೆ ಸುಮಾರು 1 ಮೆಗಾಹರ್ಟ್ಸ್, 20 ಮೈಕ್ರೋಸ್ಟ್ರೇನಿಗೂ ಅಷ್ಟೇ. ಆದರೆ ನಮಗೆ ಸಿಕ್ಕಿದ್ದು ಒಂದು ಮೀಟರಿನ ಸರಾಸರಿ ಕೊಡುತ್ತಿತ್ತು, ಸಣ್ಣ ಬೀಮಿನಲ್ಲಿ ಬಿರುಕು ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಕಿಲೋಮೀಟರ್‌ಗಟ್ಟಲೆ ಪೈಪು, ಕಾಲುವೆಗೆ ಸರಿ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲಿದ್ದಲು ಬೆಲ್ಟ್ ಎಲ್ಲಿ ಕಾಯುತ್ತಿದೆ ಅಂತ ನೋಡುವುದಾದರೆ ರಾಮನ್ ಪದ್ಧತಿಯೇ (ಇದೂ ಎಳೆಯಲ್ಲಿ ಚದುರಿದ ಬೆಳಕನ್ನೇ ನೋಡುವ ಇನ್ನೊಂದು ವಿಧಾನ) ಸಾಕು, ಅದು ಬಿಸಿ ಮಾತ್ರ ಅಳೆಯುತ್ತದೆ, ಎಳೆ ಜಗ್ಗಿದರೂ ಗೊಂದಲವಿಲ್ಲ.

ಲ್ಯಾಬಿನ ನೆರಳಲ್ಲಿ ಒಂದು ದಿನದ ಟೆಸ್ಟಿಗೆ ಫಾಯಿಲ್ ಗೇಜೇ ಇರಲಿ. ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಡುವುದಾದರೆ ಎಫ್‌ಬಿಜಿ. ಪಾಲಿಇಮೈಡ್ ಲೇಪನದ್ದನ್ನೇ ತಗೊಳ್ಳಿ, ಅಕ್ರಿಲೇಟ್ ಮೆತ್ತಗಿರುತ್ತದೆ, ಬೀಮಿನ ಹಿಗ್ಗನ್ನು ಎಳೆಗೆ ಪೂರ್ತಿ ದಾಟಿಸುವುದಿಲ್ಲ. ಎರಡು ಗ್ರೇಟಿಂಗಿನ ತರಂಗಾಂತರಗಳ ನಡುವೆ ಕನಿಷ್ಠ 3-4 ನ್ಯಾನೋಮೀಟರ್ ಅಂತರ ಇರಲಿ ಅಂತ ಆರ್ಡರಿನಲ್ಲೇ ಬರೆಸಿ. ಇಲ್ಲದಿದ್ದರೆ ಎರಡು ಮೊನೆ ಒಂದರ ಮೇಲೊಂದು ಬಂದು ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.