‘ಏಳು ಬ್ಯಾಂಡ್ ಗ್ಯಾರಂಟಿ’ ಎಂಬ ಫಲಕ ನೋಡಿ ಸೇರುವ ಮುನ್ನ

ನಾನು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಸ್ಟಾಫ್ ನರ್ಸ್. ಬ್ರಿಟನ್ನಿನಲ್ಲಿ ಕೆಲಸ ಮಾಡಬೇಕೆಂಬ ಆಸೆಯಿಂದ 2024ರ ಜನವರಿಯಲ್ಲಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ ತರಬೇತಿಗೆ ಸೇರಿ, ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದು, ನಾಲ್ಕು ವಿಭಾಗಗಳಲ್ಲಿಯೂ ಬೇಕಾದ ಅಂಕಕ್ಕಿಂತ ಕೆಳಗೆ ಉಳಿದೆ. ಪರೀಕ್ಷೆಯಲ್ಲಿ ಸೋಲುವುದು ಯಾರಿಗೂ ಆಗಬಹುದಾದ ಸಂಗತಿ. ಅದಕ್ಕಾಗಿ ಈ ಬರಹ ಬರೆಯುತ್ತಿಲ್ಲ. ಮೂರು ತಿಂಗಳ ಕಾಲ ವಾರವಾರವೂ ನನ್ನ ಅಂಕ ಏರುತ್ತಿದೆ ಎಂದು ಹಾಳೆಯ ಮೇಲೆ ಬರೆದು ತೋರಿಸಿದ ತರಬೇತಿ ಕೇಂದ್ರದ ಲೆಕ್ಕವೇ ಸುಳ್ಳಾಗಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು. ಆ ಸುಳ್ಳು ಲೆಕ್ಕ ಹೇಗೆ ನಡೆಯುತ್ತಿತ್ತು ಎಂಬುದನ್ನು ವಿವರವಾಗಿ ಬರೆದಿಟ್ಟರೆ, ಈಗ ಹಣ ಕಟ್ಟಲು ಹೊರಟಿರುವ ನರ್ಸ್‌ಗಳಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾದೀತು.

ಮೊದಲು ಪರೀಕ್ಷೆಯ ಬಗ್ಗೆ ಎರಡು ಮಾತು. ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಎಂಬ ನಾಲ್ಕು ವಿಭಾಗಗಳಿದ್ದು, ಪ್ರತಿಯೊಂದಕ್ಕೂ ಒಂಬತ್ತರವರೆಗೆ ಬ್ಯಾಂಡ್ ಅಂಕ ಕೊಡುತ್ತಾರೆ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಅಲ್ಲಿ ಕೆಲಸ ಮಾಡಲು ನರ್ಸ್‌ಗಳು ನೋಂದಾಯಿಸಿಕೊಳ್ಳಬೇಕಾದ, ಅಲ್ಲಿಯವರು ಎನ್‌ಎಂಸಿ ಎನ್ನುವ ಸಂಸ್ಥೆ (ನಮ್ಮ ವೈದ್ಯಕೀಯ ಆಯೋಗದ ಹೆಸರಿನ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬಾರದು), ನರ್ಸ್‌ಗಳಿಂದ ಅಕಾಡೆಮಿಕ್ ಮಾದರಿಯ ಪರೀಕ್ಷೆಯಲ್ಲಿ ಲಿಸನಿಂಗ್, ರೀಡಿಂಗ್ ಮತ್ತು ಸ್ಪೀಕಿಂಗ್‌ಗೆ ತಲಾ 7, ರೈಟಿಂಗ್‌ಗೆ 6.5 ಕೇಳುತ್ತದೆ. ಹತ್ತನೆಯ ತರಗತಿಯವರೆಗೆ ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ನಂತರ ಬಿ.ಎಸ್ಸಿ. ನರ್ಸಿಂಗ್ ಮಾಡಿದವಳಿಗೆ ಈ ಅಂಕ ಅಸಾಧ್ಯವಲ್ಲ, ಸುಲಭವೂ ಅಲ್ಲ. ಈ ಅಳುಕನ್ನೇ ತರಬೇತಿ ಕೇಂದ್ರಗಳು ಬಂಡವಾಳ ಮಾಡಿಕೊಳ್ಳುತ್ತವೆ.

ನಾನು ಸೇರಿದ ಕೇಂದ್ರ ಮೆಟ್ರೊ ನಿಲ್ದಾಣವೊಂದರ ಹತ್ತಿರದ ಎರಡನೆಯ ಮಹಡಿಯಲ್ಲಿತ್ತು. ಸ್ವಾಗತ ಕೋಣೆಯ ಗೋಡೆಯ ತುಂಬ ಹಳೆಯ ವಿದ್ಯಾರ್ಥಿಗಳ ಫೋಟೊಗಳು, ಪ್ರತಿಯೊಂದರ ಕೆಳಗೆ 7, 7.5, 8 ಎಂಬ ದಪ್ಪ ಅಂಕಿಗಳು. “ಮೇಡಂ, ನರ್ಸ್‌ಗಳಿಗೆ ನಮ್ಮಲ್ಲಿ ಸ್ಪೆಷಲ್ ಬ್ಯಾಚ್ ಇದೆ. ಏಳು ಬ್ಯಾಂಡ್ ಗ್ಯಾರಂಟಿ, ಬರದಿದ್ದರೆ ಪೂರ್ತಿ ದುಡ್ಡು ವಾಪಸ್” ಎಂದು ಕೌನ್ಸೆಲರ್ ಹೇಳಿದರು. ಶುಲ್ಕ 28,000 ರೂಪಾಯಿ. ಚೀಟಿ ಎತ್ತಿದ ಹಣದಲ್ಲಿ ಅಷ್ಟನ್ನೂ ಒಂದೇ ಕಂತಿನಲ್ಲಿ ಕಟ್ಟಿದೆ. ಅವರು ಮುಂದಿಟ್ಟ ನಾಲ್ಕು ಪುಟದ ಅರ್ಜಿಗೆ ಸಹಿ ಹಾಕುವಾಗ ಕೊನೆಯ ಪುಟವನ್ನು ಓದಲಿಲ್ಲ. ಗೋಡೆಯ ಮೇಲಿದ್ದವರ ಪೈಕಿ ಒಬ್ಬರ ಜೊತೆಗಾದರೂ ಮಾತನಾಡಿಸಿ ಎಂದು ಕೇಳಬೇಕೆಂದೂ ತೋಚಲಿಲ್ಲ.

ರೀಡಿಂಗ್‌ನಿಂದ ಆರಂಭಿಸುತ್ತೇನೆ, ಮೋಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. ಐಇಎಲ್‌ಟಿಎಸ್‌ನಲ್ಲಿ ಅಕಾಡೆಮಿಕ್ ಮತ್ತು ಜನರಲ್ ಟ್ರೈನಿಂಗ್ ಎಂಬ ಎರಡು ಮಾದರಿಗಳಿವೆ. ಜನರಲ್ ಟ್ರೈನಿಂಗ್‌ನ ಓದಿನ ಭಾಗದಲ್ಲಿ ಜಾಹೀರಾತು, ಸೂಚನಾ ಫಲಕ, ಕಚೇರಿಯ ನಿಯಮಗಳಂಥ ಬರಹಗಳೇ ಹೆಚ್ಚು; ಅಕಾಡೆಮಿಕ್‌ನಲ್ಲಿ ಮೂರು ಉದ್ದನೆಯ ಗದ್ಯಗಳಿದ್ದು, ಅರವತ್ತು ನಿಮಿಷದಲ್ಲಿ 40 ಪ್ರಶ್ನೆಗಳನ್ನು ಮುಗಿಸಬೇಕು. ಜನರಲ್‌ನ ಬರಹಗಳು ಸುಲಭವಾದ್ದರಿಂದ ಅಂಕಪಟ್ಟಿ ಬಿಗಿಯಾಗಿರುತ್ತದೆ: 40ಕ್ಕೆ 30 ಸರಿಯಾದರೆ ಅಕಾಡೆಮಿಕ್‌ನಲ್ಲಿ ಸರಿಸುಮಾರು 7 ಬ್ಯಾಂಡ್, ಜನರಲ್‌ನಲ್ಲಿ 6 ಮಾತ್ರ. ನಮ್ಮ ಕೇಂದ್ರದಲ್ಲಿ ಎರಡನೆಯ ತಿಂಗಳಿನಿಂದ ಕೊಟ್ಟ ಮಾಕ್ ಟೆಸ್ಟ್‌ಗಳಲ್ಲಿ ಬಹುಪಾಲು ಜನರಲ್ ಟ್ರೈನಿಂಗ್‌ನ ಪತ್ರಿಕೆಗಳು. ಅವುಗಳಿಗೆ ಅಂಕ ಹಾಕುತ್ತಿದ್ದದ್ದು ಮಾತ್ರ ಅಕಾಡೆಮಿಕ್‌ನ ಪಟ್ಟಿಯ ಪ್ರಕಾರ. ಮೊದಲ ತಿಂಗಳು 5.5ರಲ್ಲಿದ್ದ ನಾನು ಫೆಬ್ರುವರಿ ಕೊನೆಯ ಹೊತ್ತಿಗೆ ಏಕಾಏಕಿ 7ಕ್ಕೆ ಏರಿದಾಗ ಊರಿಗೆ ಫೋನ್ ಮಾಡಿ ಅಣ್ಣನಿಗೆ ಹೇಳಿ ಸಂಭ್ರಮಪಟ್ಟಿದ್ದೆ. ಸೋತ ಮೇಲೆ ಆ ಹಾಳೆಗಳನ್ನು ತೆಗೆದು ನೋಡಿದಾಗ, ನಾನು ಅಷ್ಟು ಚೆನ್ನಾಗಿ ಉತ್ತರಿಸಿದ್ದದ್ದು ಈಜುಕೊಳದ ಸಮಯದ ಪಟ್ಟಿಗೂ ಬಾಡಿಗೆ ಮನೆಯ ಜಾಹೀರಾತಿಗೂ ಎಂಬುದು ಕಂಡಿತು. ಇನ್ನು ಉಳಿದ ಕೆಲವು ಅಕಾಡೆಮಿಕ್ ಪತ್ರಿಕೆಗಳನ್ನು ಮೂರು ವಾರಗಳ ಅಂತರದಲ್ಲಿ ಎರಡೆರಡು ಬಾರಿ ಕೊಟ್ಟಿದ್ದರು. ಎರಡನೆಯ ಬಾರಿ ಅಂಕ ಹೆಚ್ಚಾಗದೆ ಇನ್ನೇನಾದೀತು?

ಲಿಸನಿಂಗ್‌ನದು ಇನ್ನೊಂದು ಬಗೆಯ ಕಥೆ. ನಿಜವಾದ ಪರೀಕ್ಷೆಯಲ್ಲಿ ಧ್ವನಿಯನ್ನು ಒಂದೇ ಒಂದು ಬಾರಿ ಕೇಳಿಸುತ್ತಾರೆ; ಬ್ರಿಟಿಷ್, ಆಸ್ಟ್ರೇಲಿಯನ್, ಅಮೆರಿಕನ್ ಹೀಗೆ ಹಲವು ಉಚ್ಚಾರಣೆಗಳು ಬರುತ್ತವೆ. ನಮ್ಮ ತರಗತಿಯಲ್ಲಿ ಒಂದು ಸ್ಪೀಕರ್ ಇಟ್ಟು, ಪ್ರತಿ ಭಾಗವೂ ಮುಗಿದ ಮೇಲೆ ಧ್ವನಿ ನಿಲ್ಲಿಸಿ, “ಯಾರಿಗಾದರೂ ತಪ್ಪಿಹೋಯಿತೇ?” ಎಂದು ಕೇಳಿ ಮತ್ತೆ ಹಾಕುತ್ತಿದ್ದರು. ಅದು ಅವರ ಒಳ್ಳೆಯತನವೆಂದೇ ನಾನು ತಿಳಿದಿದ್ದೆ. ‘ಎರಡು ಪದ ಮೀರಬಾರದು’ ಎಂಬ ಸೂಚನೆಯಿರುವ ಕಡೆ ಮೂರು ಪದ ಬರೆದರೂ, ಕಾಗುಣಿತ ತಪ್ಪಿದರೂ ಸರಿ ಹಾಕಿಬಿಡುತ್ತಿದ್ದರು. ಪರೀಕ್ಷೆಯಲ್ಲಿ ಎರಡಕ್ಕೂ ಸೊನ್ನೆ. ಏಪ್ರಿಲ್‌ನ ಆ ದಿನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತವಳು, ಮೂರನೆಯ ಭಾಗದಲ್ಲಿ ಒಂದು ಉತ್ತರ ತಪ್ಪಿಹೋದ ಕೂಡಲೇ, ಮತ್ತೊಮ್ಮೆ ಹಾಕುತ್ತಾರೇನೋ ಎಂಬ ಮೂರು ತಿಂಗಳ ಅಭ್ಯಾಸಬಲದಿಂದ ಅರೆಕ್ಷಣ ಕಾದೆ. ಅಷ್ಟರಲ್ಲಿ ಮುಂದಿನ ಮೂರು ಪ್ರಶ್ನೆಗಳು ದಾಟಿಹೋಗಿದ್ದವು.

ಅತಿ ಹೆಚ್ಚು ಹಾನಿ ಮಾಡಿದ್ದು ರೈಟಿಂಗ್‌ನ ಟೆಂಪ್ಲೇಟ್. ರೈಟಿಂಗ್‌ನಲ್ಲಿ ಅರವತ್ತು ನಿಮಿಷಕ್ಕೆ ಎರಡು ಬರಹ: ಮೊದಲನೆಯದು ಚಿತ್ರ, ನಕ್ಷೆ ಅಥವಾ ಅಂಕಿಅಂಶದ ವಿವರಣೆ, ಕನಿಷ್ಠ 150 ಪದ, ಎರಡನೆಯದು ಪ್ರಬಂಧ, ಕನಿಷ್ಠ 250 ಪದ. ಪ್ರಬಂಧಕ್ಕೆ ಮೊದಲನೆಯದರ ಎರಡರಷ್ಟು ತೂಕ. ನಮ್ಮ ಕೇಂದ್ರದವರು ಯಾವ ವಿಷಯ ಬಂದರೂ ಹೊಂದುವಂಥದ್ದೆಂದು ಹೇಳಿ ಒಂದು ಚೌಕಟ್ಟನ್ನು ಉರು ಹೊಡೆಸಿದ್ದರು. ‘ಇನ್ ದಿಸ್ ಕಾಂಟೆಂಪರರಿ ಎರಾ’ ಎಂದು ಆರಂಭಿಸಿ, ‘ಇಟ್ ಈಸ್ ಎ ಹೈಲಿ ಡಿಬೇಟಬಲ್ ಇಶ್ಯೂ’ ಎಂದು ಮುಂದುವರಿಸಿ, ಪ್ರತಿ ವಾಕ್ಯದ ಆರಂಭದಲ್ಲೂ ಮೋರೋವರ್, ಫರ್ದರ್‌ಮೋರ್ ಸೇರಿಸುತ್ತ ಹೋಗುವುದು. ನಮ್ಮ ಬ್ಯಾಚಿನ ಹದಿನೆಂಟು ಜನರ ಪ್ರಬಂಧಗಳನ್ನು ಒಂದರ ಮೇಲೊಂದು ಇಟ್ಟರೆ ಮೊದಲ ಪ್ಯಾರಾ ಅಕ್ಷರಶಃ ಒಂದೇ ಆಗಿರುತ್ತಿತ್ತು. ಪ್ರತಿಯೊಬ್ಬರಿಗೂ 6.5 ಅಥವಾ 7. ತಿದ್ದಿದ ಹಾಳೆಗಳಲ್ಲಿ ಟಿಕ್ ಗುರುತು ಇರುತ್ತಿದ್ದದ್ದು ಮೊದಲ ಪ್ಯಾರಾದ ಪಕ್ಕದಲ್ಲಿ ಮಾತ್ರ, ಅಂದರೆ ಅವರೇ ಬರೆಸಿದ ಸಾಲುಗಳ ಪಕ್ಕದಲ್ಲಿ.

ಪರೀಕ್ಷಕರು ಪ್ರಬಂಧವನ್ನು ಯಾವ ಅಳತೆಗೋಲಿನಿಂದ ನೋಡುತ್ತಾರೆ ಎಂಬುದು ಗುಟ್ಟಿನ ವಿಷಯವಲ್ಲ. ಕೇಳಿದ ಪ್ರಶ್ನೆಗೆ ಉತ್ತರವಿದೆಯೇ, ವಿಚಾರಗಳು ಒಂದರಿಂದ ಒಂದಕ್ಕೆ ಸಹಜವಾಗಿ ಸಾಗುತ್ತವೆಯೇ, ಪದಸಂಪತ್ತು ಎಷ್ಟಿದೆ, ವ್ಯಾಕರಣ ಎಷ್ಟು ಬಗೆಯಾಗಿ ಮತ್ತು ಸರಿಯಾಗಿ ಇದೆ ಎಂಬ ನಾಲ್ಕು ಅಂಶಗಳಿಗೆ ಸಮಾನ ಅಂಕ. ಯಾವ ಬ್ಯಾಂಡಿಗೆ ಏನು ನಿರೀಕ್ಷೆ ಎಂಬ ವಿವರವನ್ನು ಪರೀಕ್ಷೆ ನಡೆಸುವವರೇ ಅಂತರ್ಜಾಲದಲ್ಲಿ ಉಚಿತವಾಗಿ ಪ್ರಕಟಿಸಿದ್ದಾರೆ. ಜೋಡಣೆಯ ಪದಗಳನ್ನು ಅತಿಯಾಗಿ ಅಥವಾ ಯಾಂತ್ರಿಕವಾಗಿ ಬಳಸುವುದು ಕೆಳಗಿನ ಬ್ಯಾಂಡುಗಳ ಲಕ್ಷಣವೆಂದು ಅದರಲ್ಲೇ ಬರೆದಿದೆ. ಉತ್ತರ ಸಂಪೂರ್ಣವಾಗಿ ಬಾಯಿಪಾಠದ್ದೆಂದು ಸಾಬೀತಾದರೆ ಸೊನ್ನೆ ಕೊಡಬಹುದೆಂದೂ ಇದೆ. ನಮಗೆ ಅಂಕ ತರುವುದೆಂದು ಕಲಿಸಿದ್ದೇ ಅಂಕ ಕಳೆಯುವ ಕೆಲಸವಾಗಿತ್ತು. ಮೂರು ತಿಂಗಳಲ್ಲಿ ಒಂದು ದಿನವೂ ಆ ವಿವರವನ್ನು ನಮಗೆ ತೋರಿಸಿರಲಿಲ್ಲ. ಅದನ್ನು ನಾನಾಗಿಯೇ ಹುಡುಕಿ ಓದಲಿಲ್ಲವಲ್ಲ ಎಂಬುದು ನನ್ನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ.

ಪರೀಕ್ಷೆಯಲ್ಲಿ ಮೊದಲ ಬರಹಕ್ಕೆ ಬಂದದ್ದು ವಸ್ತುವೊಂದು ತಯಾರಾಗುವ ಹಂತಗಳ ಚಿತ್ರ. ನಾನು ಉರು ಹೊಡೆದಿದ್ದದ್ದು ಏರಿಳಿತದ ಗ್ರಾಫಿಗೆ ಹೊಂದುವ ವಾಕ್ಯಗಳನ್ನು. ಏರುವುದೂ ಇಳಿಯುವುದೂ ಇಲ್ಲದ ಆ ಚಿತ್ರದ ಎದುರು ಏಳೆಂಟು ನಿಮಿಷ ಕೈಕಟ್ಟಿ ಕುಳಿತೆ.

ಸ್ಪೀಕಿಂಗ್‌ನಲ್ಲಿಯೂ ಹೀಗೇ. ಹನ್ನೊಂದರಿಂದ ಹದಿನಾಲ್ಕು ನಿಮಿಷ ಪರೀಕ್ಷಕರ ಜೊತೆ ಎದುರುಬದುರು ಮಾತು. ನಡುವೆ ಮಾತಿನ ವಿಷಯ ಬರೆದ ಒಂದು ಕ್ಯೂ ಕಾರ್ಡ್ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತನಾಡಿಸುತ್ತಾರೆ. ಕೇಂದ್ರದವರು ಮೂವತ್ತು ಕ್ಯೂ ಕಾರ್ಡುಗಳಿಗೆ ಸಿದ್ಧ ಉತ್ತರ ಕೊಟ್ಟಿದ್ದರು. ಅವುಗಳಲ್ಲಿ ನಾನು ಎಂದೂ ನೋಡದ ಊರಿಗೆ ಹೋಗಿಬಂದಿದ್ದೆ, ನನಗಿಲ್ಲದ ಗೆಳತಿಯ ಮದುವೆಯಲ್ಲಿ ಕುಣಿದಿದ್ದೆ. ಪರೀಕ್ಷಕರು ಅಂಥ ಒಂದು ಉತ್ತರದ ಕೊನೆಗೆ ಸಣ್ಣದೊಂದು ಮರುಪ್ರಶ್ನೆ ಹಾಕಿದಾಗ ನನ್ನ ನಾಲಗೆ ಕಟ್ಟಿಹೋಯಿತು. ಅಸ್ಸಾಂ, ಬಂಗಾಳದಿಂದ ಬಂದ ರೋಗಿಗಳ ಮನೆಯವರಿಗೆ ವೆಂಟಿಲೇಟರ್ ಎಂದರೇನೆಂದು ದಿನವೂ ಇಂಗ್ಲಿಷ್‌ನಲ್ಲಿ ಬಿಡಿಸಿ ಹೇಳುವವಳು ನಾನು. ಆ ಮಾತನ್ನೇ ಆಡಿದ್ದರೂ ಇನ್ನಷ್ಟು ಅಂಕ ಬರುತ್ತಿತ್ತು.

ಫಲಿತಾಂಶ: ಲಿಸನಿಂಗ್ 6.5, ರೀಡಿಂಗ್ 6, ರೈಟಿಂಗ್ 5.5, ಸ್ಪೀಕಿಂಗ್ 6. ಇದು ನನಗೆ ತಿಳಿಯುವ ಮುನ್ನವೇ ಕೇಂದ್ರದವರಿಗೆ ತಿಳಿದಿತ್ತು, ಏಕೆಂದರೆ ಪರೀಕ್ಷೆಯನ್ನು ಅವರೇ ಬುಕ್ ಮಾಡಿದ್ದರು, ನೋಂದಣಿಗೆ ಕೊಟ್ಟಿದ್ದ ಇಮೇಲ್ ವಿಳಾಸವೂ ಅವರದೇ. ಶುಲ್ಕದ 17,000 ರೂಪಾಯಿ ನನ್ನದು, ಪಾಸ್‌ಪೋರ್ಟ್ ವಿವರ ನನ್ನದು, ಖಾತೆಯ ಪಾಸ್‌ವರ್ಡ್ ಮಾತ್ರ ಅವರ ಕೈಯಲ್ಲಿ. ಯಾರೇ ಆಗಲಿ, ನೋಂದಣಿಯನ್ನು ತಮ್ಮದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಿಂದ ತಾವೇ ಮಾಡಿಕೊಳ್ಳಬೇಕು. ಅರ್ಧ ಗಂಟೆಯ ಕೆಲಸ.

ಗ್ಯಾರಂಟಿಯ ಹಣ ಕೇಳಲು ಹೋದಾಗ ನಾನು ಓದದೆ ಬಿಟ್ಟಿದ್ದ ನಾಲ್ಕನೆಯ ಪುಟವನ್ನು ತೆಗೆದು ತೋರಿಸಿದರು. ಹಾಜರಾತಿ ನೂರಕ್ಕೆ 95 ಇರಬೇಕು, ಒಂದು ಮಾಕ್ ಟೆಸ್ಟನ್ನೂ ತಪ್ಪಿಸಿರಬಾರದು, ಸೋತವರು ಮೂವತ್ತು ದಿನದೊಳಗೆ ಕೇಂದ್ರದ ಮೂಲಕವೇ ಮತ್ತೊಮ್ಮೆ ಪರೀಕ್ಷೆ ಬರೆದು ಆಗಲೂ ಸೋತಿರಬೇಕು. ತಿಂಗಳಿಗೆ ಎಂಟು ನೈಟ್ ಡ್ಯೂಟಿ ಮಾಡುವ ನರ್ಸ್ ಯಾರೂ ಆ ಹಾಜರಾತಿ ಗಳಿಸಲಾರರು. ನರ್ಸ್‌ಗಳ ವಿಶೇಷ ಬ್ಯಾಚಿಗೆ ಈ ಷರತ್ತು ಇಟ್ಟವರಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಎನ್‌ಎಂಸಿ ಒಇಟಿ ಎಂಬ ಪರೀಕ್ಷೆಯನ್ನೂ ಒಪ್ಪುತ್ತದೆ, ಅದು ಆರೋಗ್ಯ ಸೇವೆಯವರಿಗೆಂದೇ ರೂಪಿಸಿದ್ದು ಎಂಬುದನ್ನೂ ಅವರು ಒಮ್ಮೆಯೂ ಹೇಳಿರಲಿಲ್ಲ. ಅದರ ಶುಲ್ಕ ಬಹಳ ಹೆಚ್ಚಾದ್ದರಿಂದ ನಾನು ಆರಿಸುತ್ತಿರಲಿಲ್ಲವೇನೋ, ಆದರೆ ತಿಳಿದಿರಬೇಕಿತ್ತು.

ಅದೇ ವಾರ ಅಪರಿಚಿತ ಸಂಖ್ಯೆಯಿಂದ ಕರೆ ಬಂತು. ಕರೆ ಮಾಡಿದಾತನಿಗೆ ನನ್ನ ಹೆಸರು, ನನ್ನ ನಾಲ್ಕೂ ಅಂಕಗಳು ಗೊತ್ತಿದ್ದವು. “ಸಿಸ್ಟರ್, ಎರಡು ಲಕ್ಷ ಕೊಟ್ಟರೆ ಪರೀಕ್ಷೆ ಬರೆಯದೆಯೇ ಒರಿಜಿನಲ್ ಸರ್ಟಿಫಿಕೇಟ್ ಕೊಡಿಸುತ್ತೇನೆ, ಆನ್‌ಲೈನ್‌ನಲ್ಲೂ ತೋರಿಸುತ್ತದೆ” ಎಂದ. ಪರೀಕ್ಷಾ ಕೇಂದ್ರದಲ್ಲಿ ಪಾಸ್‌ಪೋರ್ಟ್ ಪರಿಶೀಲಿಸಿ, ಫೋಟೊ ತೆಗೆದುಕೊಂಡು ಒಳಗೆ ಬಿಡುತ್ತಾರೆ; ಅಂಕಪಟ್ಟಿ ಪಡೆದ ಸಂಸ್ಥೆಗಳು ಅದನ್ನು ಪರೀಕ್ಷೆ ನಡೆಸುವವರ ವ್ಯವಸ್ಥೆಯಲ್ಲೇ ನೇರವಾಗಿ ತಾಳೆ ನೋಡುತ್ತವೆ. ಅಡ್ಡದಾರಿ ಒಮ್ಮೆ ಫಲಿಸಿದರೂ ಮುಂದೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಪ್ರಕರಣವಿದೆ. 2022ರಲ್ಲಿ ಕೆನಡಾದಿಂದ ಅಮೆರಿಕದ ಗಡಿ ದಾಟುತ್ತಿದ್ದ ದೋಣಿಯೊಂದು ಮುಳುಗುವಾಗ ಸಿಕ್ಕಿಬಿದ್ದ ಗುಜರಾತಿನ ಯುವಕರು ಐಇಎಲ್‌ಟಿಎಸ್‌ನಲ್ಲಿ ಒಳ್ಳೆಯ ಅಂಕ ಪಡೆದವರಾಗಿದ್ದರೂ, ಅಮೆರಿಕದ ನ್ಯಾಯಾಲಯದಲ್ಲಿ ಇಂಗ್ಲಿಷ್ ಪ್ರಶ್ನೆಗಳಿಗೆ ಉತ್ತರಿಸಲಾಗದೆ ದುಭಾಷಿಯ ನೆರವು ಬೇಕಾಯಿತು. ಆಮೇಲೆ ಮೆಹ್ಸಾಣಾ ಪೊಲೀಸರು ಆ ಅಂಕಗಳ ಮೂಲವನ್ನೇ ತನಿಖೆ ಮಾಡಬೇಕಾಯಿತು. ನರ್ಸ್ ಹೀಗೆ ಸಿಕ್ಕಿಬಿದ್ದರೆ ವೀಸಾದ ಜೊತೆ ಎನ್‌ಎಂಸಿ ನೋಂದಣಿಯ ಆಸೆಯನ್ನೂ ಬಿಡಬೇಕಾದೀತು. ನಾನು ಕರೆ ಕಡಿದು ಸಂಖ್ಯೆಯನ್ನು ಬ್ಲಾಕ್ ಮಾಡಿದೆ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಬೇಕಿತ್ತು, ಕೊಡಲಿಲ್ಲ.

ಎರಡನೆಯ ಬಾರಿಗೆ ಯಾವ ಕೇಂದ್ರಕ್ಕೂ ಹೋಗಲಿಲ್ಲ. ಪ್ರಕಟಿತ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಅಕಾಡೆಮಿಕ್‌ನವನ್ನಷ್ಟೇ ಆರಿಸಿ, ಗಡಿಯಾರ ಎದುರಿಗಿಟ್ಟು, ಒಂದು ಪತ್ರಿಕೆಯನ್ನು ಒಂದೇ ಬಾರಿ ಬರೆದೆ. ಧ್ವನಿಯನ್ನು ಎಲ್ಲಿಯೂ ನಿಲ್ಲಿಸಲಿಲ್ಲ. ವಾರಕ್ಕೆ ಎರಡು ಪ್ರಬಂಧ ಬರೆದು, ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದ ಮೇಡಂ ಅವರಿಗೆ ಕಳಿಸುತ್ತಿದ್ದೆ, ಮೊದಲ ಪ್ರಬಂಧವನ್ನು ಅವರು “ಇದರಲ್ಲಿ ನಿನ್ನ ಮಾತು ಎಲ್ಲಿದೆಯಮ್ಮ?” ಎಂಬ ಒಂದೇ ಸಾಲು ಬರೆದು ಹಿಂದಿರುಗಿಸಿದರು. ಸ್ಪೀಕಿಂಗ್‌ಗೆ ನನ್ನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಂಡೆ, ಅದು ಆರಂಭದಲ್ಲಿ ದೊಡ್ಡ ಶಿಕ್ಷೆ. ಮೊದಲ ಎರಡು ತಿಂಗಳು ನನ್ನದೇ ಲೆಕ್ಕದಲ್ಲಿ ರೀಡಿಂಗ್ 6 ದಾಟಲಿಲ್ಲ, ಅಂಕ ಕಂಡು ಅಳುವಂತಾಗುತ್ತಿತ್ತು, ಆದರೆ ಅದು ನಿಜವಾದ 6 ಆಗಿತ್ತು. ನವೆಂಬರ್‌ನಲ್ಲಿ ಲಿಸನಿಂಗ್ 7.5, ರೀಡಿಂಗ್ 7, ರೈಟಿಂಗ್ 6.5, ಸ್ಪೀಕಿಂಗ್ 7 ಬಂದವು. ಫಲಿತಾಂಶ ಎರಡು ವರ್ಷ ಮಾತ್ರ ಊರ್ಜಿತವಾದ್ದರಿಂದ ಉಳಿದ ಕಾಗದಪತ್ರಗಳ ಕೆಲಸವನ್ನು ಕೂಡಲೇ ಆರಂಭಿಸಿದೆ.

ಸಂತೋಷಕ್ಕೆ ಆ ಅಂಕಪಟ್ಟಿಯನ್ನು ಒಂದು ದಿನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ್ದೆ. ಎರಡು ವಾರದ ಬಳಿಕ ಹಳೆಯ ಬ್ಯಾಚಿನ ಗೆಳತಿಯೊಬ್ಬಳು ಆ ಕೇಂದ್ರಕ್ಕೆ ಹೋದಾಗ ತೆಗೆದ ಒಂದು ಫೋಟೊ ಕಳಿಸಿದಳು: ಸ್ವಾಗತ ಕೋಣೆಯ ಗೋಡೆಯಲ್ಲಿ, ನಾನು ಸೇರುವಾಗ ಅರ್ಜಿಗೆ ಅಂಟಿಸಿದ್ದ ನನ್ನ ಭಾವಚಿತ್ರ, ಅದರ ಕೆಳಗೆ 7. ತೆಗೆಯಿರೆಂದು ಎರಡು ಬಾರಿ ಇಮೇಲ್ ಮಾಡಿದ್ದೇನೆ. ಇಂದಿನವರೆಗೆ ಉತ್ತರ ಬಂದಿಲ್ಲ.