ನೈತಿಕ ನಿರ್ಧಾರದ ತಾತ್ವಿಕ ದಾರಿಗಳು: ‘ಜಸ್ಟಿಸ್’ ಉಪನ್ಯಾಸಮಾಲೆಯ ವಿಮರ್ಶೆ

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಯಾಂಡೆಲ್ ಅವರು ನಡೆಸಿದ ತರಗತಿಗಳನ್ನು ಚಿತ್ರೀಕರಿಸಿ 2009ರಲ್ಲಿ ಹೊರತಂದ ‘ಜಸ್ಟಿಸ್’ ಸರಣಿಯ 24 ಉಪನ್ಯಾಸಗಳು 12 ಕಂತುಗಳಾಗಿ ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನೀತಿಶಾಸ್ತ್ರಕ್ಕೆ ಹೊಸಬರಾದವರು ಮೊದಲು ಇದನ್ನೇ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಸಿದ್ಧಾಂತಕ್ಕಿಂತ ಮೊದಲು ಪ್ರಕರಣ ಬರುತ್ತದೆ. 1884ರಲ್ಲಿ ಮಿನ್ಯೊನೆಟ್ ಎಂಬ ಇಂಗ್ಲಿಷ್ ಹಡಗು ಮುಳುಗಿದಾಗ ದೋಣಿಯೊಂದರಲ್ಲಿ ಅನ್ನನೀರಿಲ್ಲದೆ ಉಳಿದ ನಾಲ್ವರ ಪೈಕಿ, ಕಾಯಿಲೆ ಬಿದ್ದಿದ್ದ ಹದಿನೇಳರ ಹುಡುಗ ರಿಚರ್ಡ್ ಪಾರ್ಕರ್‌ನನ್ನು ಕೊಲ್ಲಲಾಯಿತು; ಉಳಿದ ಮೂವರು ಅವನ ಮಾಂಸ ತಿಂದು ಜೀವ ಉಳಿಸಿಕೊಂಡರು. ಒಬ್ಬನ ಸಾವಿನಿಂದ ಮೂವರು ಬದುಕಿದರಲ್ಲ ಎನ್ನುವ ವಿದ್ಯಾರ್ಥಿ ತನಗರಿವಿಲ್ಲದೆಯೇ, ಹೆಚ್ಚು ಜನರಿಗೆ ಹೆಚ್ಚು ಸುಖ ತರುವುದೇ ಸರಿ ಎಂಬ ಉಪಯುಕ್ತತಾವಾದದ ಪ್ರತಿಪಾದಕ ಬೆಂಥಮ್‌ನ ಪಕ್ಷ ವಹಿಸಿರುತ್ತಾನೆ. ಚೀಟಿ ಎತ್ತಿ ತೀರ್ಮಾನಿಸಿದ್ದರೆ, ಹುಡುಗನೇ ಒಪ್ಪಿದ್ದರೆ ಎಂಬ ಮಾತು ಬಂದೊಡನೆ ಚರ್ಚೆ ಫಲಿತಾಂಶದ ಲೆಕ್ಕ ಬಿಟ್ಟು ವಿಧಾನ ಮತ್ತು ಸಮ್ಮತಿಯ ಕಡೆಗೆ ಹೊರಳುತ್ತದೆ. ಏನೇ ಆದರೂ ಕೊಲೆ ಕೊಲೆಯೇ ಎನ್ನುವವರು, ಫಲ ಏನೇ ಇರಲಿ ಕರ್ತವ್ಯ ಮೀರಬಾರದೆಂದ ತತ್ತ್ವಜ್ಞಾನಿ ಕಾಂಟ್‌ನ ಹತ್ತಿರ ಬಂದು ನಿಂತಿರುತ್ತಾರೆ.

ಸರಣಿಯಲ್ಲಿ ಅತ್ಯಂತ ಬೆಲೆಬಾಳುವ ಭಾಗ ಕಾಂಟ್‌ನದು. ಗೆಳೆಯನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳಾಡಬಾರದು ಎಂಬ ಅವನ ನಿಲುವು ಎಂಥವರಿಗೂ ಕಠೋರವಾಗಿಯೇ ತೋರುತ್ತದೆ. ಸ್ಯಾಂಡೆಲ್ ಅದನ್ನು ತಳ್ಳಿಹಾಕುವುದಿಲ್ಲ. ಸುಳ್ಳಾಡದೆಯೂ, ಕೊಲೆಗಾರನ ದಾರಿ ತಪ್ಪಿಸುವಂಥ ನಿಜವನ್ನೇ ಆಯ್ದು ಹೇಳಬಹುದಲ್ಲವೇ ಎಂದು ಅವರು ಕೇಳುತ್ತಾರೆ. ಎರಡರ ಫಲವೂ ಒಂದೇ ಆಗಿರುವುದರಿಂದ ಇದು ಬರಿಯ ಜಾಣತನ ಎಂದು ಉಪಯುಕ್ತತಾವಾದಿ ಹೇಳಿಯಾನು. ಆದರೆ ಹಾಗೆ ಮಾತು ಆಯುವವನು ಸತ್ಯದ ಹಂಗನ್ನು ಪೂರ್ತಿ ಹರಿದುಕೊಂಡಿಲ್ಲ ಎಂಬ ವಾದ ನನಗೆ ಸರಿಯೆನಿಸುತ್ತದೆ.

ಅರಿಸ್ಟಾಟಲ್‌ಗೆ ಮಾತ್ರ ಸಾಕಷ್ಟು ನ್ಯಾಯ ಸಿಕ್ಕಿಲ್ಲ. ಅವನ ಪ್ರವೇಶವಾಗುವುದೇ 9ನೆಯ ಕಂತಿನ ಉತ್ತರಾರ್ಧದಲ್ಲಿ. ಅಲ್ಲಿಯೂ ಒಳ್ಳೆಯ ಕೊಳಲು ಯಾರಿಗೆ ಸಲ್ಲಬೇಕು ಎಂಬಂಥ ಹಂಚಿಕೆಯ ಪ್ರಶ್ನೆಗಳಿಗೆ ಸಿಗುವ ಒತ್ತು, ಅಭ್ಯಾಸದಿಂದ ವಿವೇಕ ಮೈಗೂಡುವ ಬಗೆಗೆ ಸಿಗುವುದಿಲ್ಲ. ಸಂಬಂಧ ಮತ್ತು ಪರಸ್ಪರ ಕಾಳಜಿಯನ್ನೇ ನೈತಿಕತೆಯ ಬುಡವೆಂದು ಕಾಣುವ ಆರೈಕೆಯ ನೀತಿಯಂತೂ ಇಲ್ಲವೇ ಇಲ್ಲ. ಸರಣಿಯ ವಸ್ತು ಸಾಮಾಜಿಕ ನ್ಯಾಯವಾದುದರಿಂದ ಈ ಆಯ್ಕೆಗೆ ಸಮರ್ಥನೆ ಇದೆ. ಆದರೂ ಹಾಸಿಗೆ ಹಿಡಿದ ತಾಯಿಯ ಆರೈಕೆಯೋ ದೂರದ ಊರಿನ ಉದ್ಯೋಗವೋ ಎಂಬ ಸಂಕಟದಲ್ಲಿರುವವರಿಗೆ, ನಿಷ್ಠೆಗಳ ಕುರಿತ 22ನೆಯ ಉಪನ್ಯಾಸವನ್ನು ಬಿಟ್ಟರೆ, ಇಲ್ಲಿ ಹೆಚ್ಚು ಆಧಾರ ಸಿಗದು.

ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 250 ಅಂಕಗಳ ನೀತಿಶಾಸ್ತ್ರ ಪತ್ರಿಕೆ ಬರೆಯುವವರು 1, 6 ಮತ್ತು 7ನೆಯ ಕಂತುಗಳನ್ನು ಮೊದಲು ನೋಡಲಿ. ಸ್ಯಾಂಡೆಲ್ ಪ್ರಶ್ನೆ ಕೇಳಿದ ಕೂಡಲೇ ವಿಡಿಯೊ ನಿಲ್ಲಿಸಿ, ತಮ್ಮ ಉತ್ತರವನ್ನೂ ಅದರ ಕಾರಣವನ್ನೂ ಬರೆದಿಟ್ಟುಕೊಂಡು, ಅನಂತರ ವಿದ್ಯಾರ್ಥಿಗಳ ವಾದವನ್ನು ಕೇಳುವುದು ಉತ್ತಮ.