ಒಂದು ಪರ್ಸೆಂಟ್ ಬ್ರೋಕರ್, ಎರಡು ಪರ್ಸೆಂಟ್ ಬ್ರೋಕರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎರಡು ಪರ್ಸೆಂಟ್‌ನವರಿಗೆ. ಮೈಸೂರಿನ ಇಲವಾಲದ ಕಡೆ 30×40 ಸೈಟ್ ಹುಡುಕುತ್ತಾ ಒಂದು ವರ್ಷ ಇಬ್ಬರು ಬ್ರೋಕರ್‌ಗಳ ಜೊತೆ ಓಡಾಡಿದೆ. ಒಬ್ಬರು ಟೀ ಅಂಗಡಿ ಮುಂದೆ ಕೂರುವ ಅಣ್ಣ. ಈ ವ್ಯವಹಾರದಲ್ಲಿ ಅವರಿಗೆ ಒಂದು ಪರ್ಸೆಂಟ್ ಕಮಿಷನ್ ಬರುತ್ತದೆ, ಕೈಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಎರಡು ಪರ್ಸೆಂಟ್ ತಗೊಳ್ಳುವ ಇನ್ನೊಬ್ಬರನ್ನು ಎಲ್ಲರೂ ಸಾರ್ ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಸ್ವಂತ ದುಡ್ಡು ಹಾಕಿ ಸೈಟ್ ತಗೊಂಡು ಮಾರುತ್ತಾ ಬಂದವರು. ಮೂರು ಬಾಡಿಗೆ ಮನೆಗಳೂ ಇವೆ.

ಅಣ್ಣ ಬಹಳ ಚುರುಕು. ಬೆಳಿಗ್ಗೆ ಏಳಕ್ಕೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಜೊತೆ ವಾಟ್ಸಾಪ್‌ನಲ್ಲಿ ಹತ್ತು ಸೈಟ್ ಬಂದು ಬೀಳುತ್ತವೆ. ಭಾನುವಾರವೂ ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಡುತ್ತಾರೆ. "ಇ-ಸ್ವತ್ತು ಇದೆ ಸ್ವಾಮಿ, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದರು. ಇ-ಸ್ವತ್ತು ಅಂದರೆ ಗ್ರಾಮ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ. ನಾನೂ ಕಣ್ಣು ಮುಚ್ಚಿಕೊಂಡೇ 50 ಸಾವಿರ ಟೋಕನ್ ಕೊಟ್ಟೆ. ಇ-ಸ್ವತ್ತು ಇದ್ದದ್ದು ನಿಜ. ಆದರೆ ಅದು ನಮೂನೆ 11ಬಿ. ಅಪ್ರೂವಲ್ ಇಲ್ಲದ ಲೇಔಟಿನ ಸೈಟಿಗೆ ಸಿಗುವ ಕಾಗದ. ಬ್ಯಾಂಕಿನವರು ಎರಡು ಹಾಳೆ ತಿರುವಿ ಫೈಲ್ ವಾಪಸ್ ಕೊಟ್ಟರು. ಟೋಕನ್ ಕೈಗೆ ಬರಲು ನಾಲ್ಕು ತಿಂಗಳಾಯಿತು, ಬಂದದ್ದು 35 ಸಾವಿರ. ಅಣ್ಣ ಬೇಕು ಅಂತ ಮಾಡಿದ್ದಲ್ಲ. ಅಪ್ರೂವಲ್ ಇರುವ ಸೈಟಿನ 11ಎಗೂ ಈ 11ಬಿಗೂ ಇರುವ ವ್ಯತ್ಯಾಸ ಅವರ ಜೇಬಿಗೆ ಯಾವತ್ತೂ ತಟ್ಟಿಲ್ಲ, ಅಷ್ಟೇ.

ಸಾರ್‌ಗೆ ತಟ್ಟಿದೆ. 2011ರಲ್ಲಿ ಅವರು ತಗೊಂಡ ಸೈಟಿನ ಮೇಲೆ, ಮಾರಿದವರ ತಂಗಿ ಕೇಸು ಹಾಕಿದ್ದಾರೆ. ಆ ದುಡ್ಡು ಇನ್ನೂ ಕೋರ್ಟಿನಲ್ಲೇ ಕೂತಿದೆ. ಆವತ್ತಿನಿಂದ ಯಾವ ಸೈಟ್ ಬಂದರೂ ಅವರು ಮೊದಲು ಕೇಳುವುದು ವಂಶವೃಕ್ಷ. ಅವರೇ ನನಗೆ ತೋರಿಸಿದ್ದ ಒಂದು ಸೈಟಿನ ಫೈಲ್ ಬಂದಾಗ ನಾನು ಎದುರಿಗೇ ಇದ್ದೆ. ಊಟದ ಟೇಬಲ್ ಮೇಲೆ ಕಾಗದ ಹರಡಿಕೊಂಡು, ಪೆನ್ಸಿಲ್‌ನಿಂದ ಒಂದೊಂದೇ ಹೆಸರಿಗೆ ಟಿಕ್ ಹಾಕುತ್ತಾ ಹೋದರು. ವಿಭಾಗ ಪತ್ರ 2009ರದ್ದು. ನಾಲ್ಕು ಗಂಡುಮಕ್ಕಳ ಸಹಿ ಇತ್ತು. ಮೂವರು ಹೆಣ್ಣುಮಕ್ಕಳಲ್ಲಿ ಇಬ್ಬರದ್ದು ಸಿಕ್ಕಿತು. ಪೆನ್ಸಿಲ್ ಅಲ್ಲೇ ನಿಂತಿತು. "ಈ ಯಮ್ಮನ ಸಹಿ ಎಲ್ಲಿ?"

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ತಂದೆ ಅದಕ್ಕೂ ಮುಂಚೆ ತೀರಿಕೊಂಡಿದ್ದರೂ ಪಾಲು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾರ್ ಇದನ್ನೆಲ್ಲ ವಿವರಿಸಲಿಲ್ಲ, ಸುಮ್ನೆ ಫೈಲ್ ಮುಚ್ಚಿ ಪಕ್ಕಕ್ಕೆ ಸರಿಸಿದರು. ಆ ಸೈಟ್ ಕುದುರಿದ್ದರೆ ಅವರಿಗೆ 70 ಸಾವಿರ ಕಮಿಷನ್ ಬರುತ್ತಿತ್ತು.

ಇಸಿ, ಅಂದರೆ ಆಸ್ತಿ ಮೇಲೆ ನೋಂದಣಿಯಾದ ಹಳೇ ವ್ಯವಹಾರಗಳ ಪಟ್ಟಿಯ ವಿಷಯದಲ್ಲೂ ಹಾಗೇ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಿಗುವ 2004ರಿಂದ ಈಚೆಯದ್ದು ಅಣ್ಣನಿಗೆ ಧಾರಾಳ ಸಾಕು. ಸಾರ್ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿಸಿ ಹಳೆಯದನ್ನೂ ತರಿಸುತ್ತಾರೆ.

ಖರ್ಚಿನ ಲೆಕ್ಕದಲ್ಲಿ ಅಣ್ಣ ಹಿಂದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1 ಪರ್ಸೆಂಟ್‌ನಿಂದ 2 ಆಗಿದ್ದು ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಸೈಟಿಗೆ ಅದರಿಂದಲೇ 36 ಸಾವಿರ ಜಾಸ್ತಿ ಬಿತ್ತು.

ರೇರಾ ನಂಬರ್, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ, ಇಬ್ಬರ ಹತ್ತಿರವೂ ಇದೆ.

ಇನ್ನು ಸಾರ್ ಜೊತೆಗಿನ ಕಿರಿಕಿರಿ. ನಾವು ಮನೆ ಕಟ್ಟಿ ಇರುವವರು ಅಂದರೂ ಅವರ ಬಾಯಲ್ಲಿ ಬಾಡಿಗೆ ಲೆಕ್ಕವೇ. ನನ್ನ ಹೆಂಡತಿ ತುಳಸಿಕಟ್ಟೆಗೆ ಜಾಗ ತೋರಿಸಿದರೆ "ಅಷ್ಟರಲ್ಲಿ ಒಂದು ರೂಮ್ ಎದ್ದೇಳುತ್ತಲ್ಲಮ್ಮ" ಅಂದರು. ಅದನ್ನಾದರೂ ನಕ್ಕು ಬಿಡಬಹುದು. ನಗಲಾಗದ್ದು ಇನ್ನೊಂದಿದೆ.

ಕೊನೆಗೆ ನಮಗೆ ಒಪ್ಪಿಗೆಯಾದ ಸೈಟಿಗೆ ಸಾರ್ ಹೇಳಿದ ರೇಟು 37.5 ಲಕ್ಷ. ಮಾತಾಡಲು ಓನರ್ ಮನೆಗೆ ಹೋದೆವು. ಸಾರ್ ಫೋನ್ ಬಂತು ಅಂತ ಆಚೆ ಹೋಗಿದ್ದರು. ಓನರ್ ಹೆಂಡತಿ ಕಾಫಿ ಲೋಟ ಕೈಗೆ ಕೊಡುತ್ತಾ, "ನಮಗೆ 34 ಅಂತ ಅಗ್ರಿಮೆಂಟ್ ಆಗಿ ಎಂಟು ತಿಂಗಳಾಯ್ತು, ಅಂತೂ ನೀವು ಬಂದ್ರಲ್ಲ" ಅಂದರು. ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಅಂದರೆ ಸಾರ್ ಅಡ್ವಾನ್ಸ್ ಕೊಟ್ಟು ಸೈಟನ್ನು ತಾವೇ ಹಿಡಿದಿಟ್ಟುಕೊಂಡಿದ್ದರು. ನನ್ನ ಕಡೆ ನಿಂತು ಚೌಕಾಸಿ ಮಾಡಬೇಕಾದವರೇ ಮಾರುವವರು! ಮೇಲೆ ಎರಡು ಪರ್ಸೆಂಟ್ ಬೇರೆ.

ಕಾರಿನಲ್ಲಿ ಕೇಳಿಯೇಬಿಟ್ಟೆ. ಸಾರ್ ಮುಖ ತಪ್ಪಿಸಲಿಲ್ಲ. "ಹೌದು, ನನ್ನ ಎಂಟು ಲಕ್ಷ ಅದರಲ್ಲಿ ಕೂತಿದೆ. ಪೇಪರ್ ಸರಿ ಇಲ್ಲದಿದ್ರೆ ಹಾಕ್ತಿದ್ನಾ?" ಅಂದರು. ಮಾತು ಸರಿಯೇ. ಆದರೆ ಅದನ್ನು ಮೊದಲ ದಿನವೇ ಹೇಳಬೇಕಿತ್ತು ಅಲ್ವಾ? ಎರಡು ವಾರ ನಾನು ಫೋನ್ ಮಾಡಲಿಲ್ಲ. ಆಮೇಲೆ ಅವರೇ ಮಾಡಿದರು. 36 ಲಕ್ಷಕ್ಕೆ ಇಳಿಸಿ, ಕಮಿಷನ್ ಬಿಟ್ಟರು. ಕ್ರಯಪತ್ರದಲ್ಲಿ ಅವರೂ ಕನ್ಫರ್ಮಿಂಗ್ ಪಾರ್ಟಿಯಾಗಿ, ಅಂದರೆ ಈ ಮಾರಾಟಕ್ಕೆ ತಮ್ಮ ಒಪ್ಪಿಗೆಯೂ ಇದೆ ಅಂತ, ಸಹಿ ಹಾಕಬೇಕು ಅಂತ ನಾನು ಪಟ್ಟು ಹಿಡಿದೆ. ಹಾಕಿದರು.

34ಕ್ಕೂ 36ಕ್ಕೂ ನಡುವಿನ ಎರಡು ಲಕ್ಷ ಲೆಕ್ಕ ಹಾಕಿದರೆ ಅವರಿಗೆ ಸಿಕ್ಕಿದ್ದು ಎರಡಲ್ಲ, ಐದೂವರೆ ಪರ್ಸೆಂಟ್. ಆದರೂ ವೋಟು ಅವರಿಗೇ ಯಾಕೆ ಅಂದರೆ, ನಾನು ಕಾಗದಪತ್ರ ಓದುವ ಜಾತಿಯವನಲ್ಲ. ಎರಡನೇ ಹಾಳೆಗೇ ತೂಕಡಿಕೆ. ಹನ್ನೆರಡು ವರ್ಷದ ಪಿಎಫ್ ತೆಗೆದು, ಮೇಲೆ ಸಾಲ ಮಾಡಿ, ಜೀವನದಲ್ಲಿ ಒಂದೇ ಒಂದು ಸೈಟ್ ತಗೊಳ್ಳುವವನಿಗೆ ಆ ಪೆನ್ಸಿಲ್ ಬೇಕು. ನೀವೇ ವಕೀಲರನ್ನು ಇಟ್ಟುಕೊಂಡು ಫೈಲ್ ಓದಿಸುವವರಾದರೆ ಅಣ್ಣನೇ ಸಾಕು, ದುಡ್ಡೂ ಉಳಿಯುತ್ತದೆ. ಸಾರ್ ಹತ್ತಿರ ಹೋಗುವವರು ಮಾತ್ರ ಸೈಟ್ ನೋಡುವ ಮುಂಚೆಯೇ "ಇದರಲ್ಲಿ ನಿಮ್ಮ ದುಡ್ಡು ಇದೆಯಾ ಸಾರ್?" ಅಂತ ಕೇಳಿ. ಕೇಳಿದರೆ ಸುಳ್ಳು ಹೇಳುವವರಲ್ಲ, ಕೇಳದಿದ್ದರೆ ಹೇಳುವವರೂ ಅಲ್ಲ.

ಅಣ್ಣನ ಗುಲಾಬಿ ಹೂವು ಈಗಲೂ ಏಳಕ್ಕೆ ಬರುತ್ತದೆ. ಹೋದ ವಾರ ನನ್ನ ನಾದಿನಿಗೆ ಬಾಡಿಗೆ ಮನೆ ಬೇಕಿತ್ತು, ಅವರಿಗೇ ಹೇಳಿದೆ. ಎರಡೇ ದಿನದಲ್ಲಿ ಹುಡುಕಿ ಬೀಗದ ಕೈ ಕೊಡಿಸಿದರು.